ಡಬ್ಲಿನ್ನಿನ ಕೊತ್ತಂಬರಿ

“ನಿನ್ನ ಕೈಯಾಗ ಕೊಟ್ಟಿದ್ದೆನಲ್ಲ, ಎಲ್ಲಿ ಕಳದಿ?” ಶಿವಶರಣ ಕಾರಿನ ಸೀಟಿನ ಕೆಳಗೆ ತಡಕಾಡುತ್ತ ಮಗಳ ಮೇಲೆ ಹರಿಹಾಯ್ದ. “ಅಜ್ಜನ ಹಣಿಗೆ ಹಚ್ಚೂ ವಿಭೂತಿ ಅದು!”

“ಯೂ ನೆವರ್ ಗೇವ್ ಇಟ್ ಟು ಮೀ, ಅಪ್ಪಾ,” ಎಂದಳು ಎಂಟು ವರ್ಷದ ಹರ್ಷಿತಾ. ಕಣ್ಣು ತುಂಬಿತ್ತು.

“ಎದುರುತ್ತರ ಬ್ಯಾಡ.”

ಫ್ರೀಮಾಂಟಿನ ಫ್ಯೂನರಲ್ ಹೋಮಿನ ಪಾರ್ಕಿಂಗಿನಲ್ಲಿ ನಿಂತಿದ್ದ ನೆಂಟರು ಕೇಳಿಸಿಯೂ ಕೇಳಿಸದವರಂತೆ ಫೋನು ನೋಡಿಕೊಂಡರು.

ಒಳಗೆ ಶಿವಶರಣನ ತಂದೆ ಶರಣಪ್ಪ ಮಾಸ್ತರರು ಪೆಟ್ಟಿಗೆಯಲ್ಲಿ ಮಲಗಿದ್ದರು. ಊರಿನಲ್ಲಾಗಿದ್ದರೆ ಕೂರಿಸಿ ಮಣ್ಣು ಮಾಡುತ್ತಿದ್ದರು. ಇಲ್ಲಿನ ಪೆಟ್ಟಿಗೆಗಳಲ್ಲಿ ಆ ಸೌಕರ್ಯವಿಲ್ಲ. ಧಾರವಾಡದಲ್ಲಿ ಹೆಡ್‌ಮಾಸ್ತರಿಕೆ ಮುಗಿಸಿ ಮಗನ ಮನೆಗೆ ಬಂದವರು, ಇಲ್ಲಿಯೂ ಸುಮ್ಮನಿರದೆ ಹದಿನೈದು ವರ್ಷ ಭಾನುವಾರದ ಕನ್ನಡ ಕ್ಲಾಸು ನಡೆಸಿದ್ದರು.

ಬಾಗಿಲ ಬಳಿ ಕರವಸ್ತ್ರಕ್ಕೆಂದು ಕೋಟಿನ ಒಳಕಿಸೆಗೆ ಕೈ ಹಾಕಿದ ಶಿವಶರಣನಿಗೆ ವಿಭೂತಿಯ ಗಟ್ಟಿ ಸಿಕ್ಕಿತು. ಅತ್ತಿತ್ತ ನೋಡಿದ. ಎಲ್ಲರೂ ಇದ್ದರು. ಆಮೇಲೆ ಹೇಳಿದರಾಯಿತು ಎಂದು ಮುಷ್ಟಿ ಬಿಗಿಮಾಡಿದ.

ಅಷ್ಟರಲ್ಲಿ ಮಾಧುರಿ ಬಂದಳು, ಗುಡ್ಡದಾಚೆಯ ಡಬ್ಲಿನ್ ಊರಿನವಳು, ಮಾಸ್ತರರ ಹಳೆಯ ವಿದ್ಯಾರ್ಥಿನಿ. ಎಲ್ಲರ ಕೈಯಲ್ಲಿ ಹೂವು, ಅವಳ ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕೊತ್ತಂಬರಿ ಸೊಪ್ಪಿನ ಕಟ್ಟು.

“ಡಬ್ಲಿನ್ನಿಂದ ತಂದೆ, ಅಜ್ಜಿ.”

ಮುಂದಿನ ಸಾಲಿನಲ್ಲಿ ಕೂತಿದ್ದ ಮಾಸ್ತರರ ಹೆಂಡತಿ ಈರವ್ವನಿಗೆ ಮೊದಲು ನಗು ಬಂತು, ಆಮೇಲೆ ಅಳು.

*

ಹನ್ನೆರಡು ವರ್ಷದ ಹಿಂದೆ, ಹತ್ತು ವರ್ಷದ ಮಾಧುರಿ ಕ್ಲಾಸಿನಲ್ಲಿ ತನ್ನಜ್ಜಿಯ ಮೇಲೊಂದು ಪ್ರಬಂಧ ಬರೆದು ತಂದಳು. ಮಾಸ್ತರರು ಓದಿದರು, ಕನ್ನಡಕ ತೆಗೆದರು. “ಇದು ನಿಮ್ಮವ್ವ ಬರದದ್ದು. ಸುಳ್ಳು ಹೇಳಬ್ಯಾಡ.” ಇಡೀ ಕ್ಲಾಸಿನೆದುರು ಬಹುಮಾನದ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು.

ಸಂಜೆ ಅವಳ ಅಮ್ಮನ ಫೋನು ಬಂತು. “ಮಾಸ್ತರೇ, ನಾನು ಓದಿದ್ದು ಮುಂಬಯಿಯಲ್ಲಿ. ನನಗೆ ಕನ್ನಡ ಬರೆಯೋಕೇ ಬರಲ್ಲ.”

ಮಾಧುರಿ ಮತ್ತೆ ಕ್ಲಾಸಿಗೆ ಬರಲಿಲ್ಲ. ಎರಡು ವಾರದ ಮೇಲೆ ಮಾಸ್ತರರೇ ಡಬ್ಲಿನ್ನಿನ ಅವಳ ಮನೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕೊತ್ತಂಬರಿ. “ಹಿಂಗ ಗ್ರೋಸರಿಗೆ ಬಂದಿದ್ದೆ.”

ಬೀದಿಗೊಂದು ಇಂಡಿಯನ್ ಅಂಗಡಿ ಇರುವ ಫ್ರೀಮಾಂಟು ಬಿಟ್ಟು, ಫ್ರೀವೇ ಹತ್ತಿ, ಗುಡ್ಡ ದಾಟಿ ಕೊತ್ತಂಬರಿಗೆ ಡಬ್ಲಿನ್ನಿಗೆ ಬರುವ ಮನುಷ್ಯ! ಚಹಾ ಕುಡಿದರು, ಓದಿನ ಬಗ್ಗೆ ಕೇಳಿದರು, ಎದ್ದರು. ವರ್ಷಕ್ಕೆ ಮೂರು ನಾಲ್ಕು ಸಲ, ಹೀಗೆಯೇ ಹನ್ನೆರಡು ವರ್ಷ.

*

“ತಪ್ಪಾತು ಅನ್ನಾಕ ಬರ್ತಿದ್ರವಾ,” ಈರವ್ವ ಮಾಧುರಿಯ ಕೈ ಹಿಡಿದುಕೊಂಡರು. “ಕಾರಿನ್ಯಾಗ ನಾಕ್ ಸಲ ಅಂದು ನೋಡತಿದ್ರು. ನಿಮ್ಮ ಬಾಗಲಾ ಕಂಡ್ರ ಬಾಯಿ ಕಟ್ಟತಿತ್ತು. ಮಾಸ್ತರಾದಾವ ಒಮ್ಮೆ ತಪ್ಪಾತು ಅಂದ್ರ, ಮುಂದ ಹುಡುಗ್ರು ಯಾವ ಮಾತೂ ನಂಬೂದಿಲ್ಲಂತ ಹೆದರಿಕಿ.”

“ಗೊತ್ತಿತ್ತು ಅಜ್ಜಿ. ನಾನೂ ಕಾಯ್ತಾನೇ ಇದ್ದೆ.”

“ಅಂದಿದ್ರ ಏನ್ ಮಾಡತಿದ್ದಿ?”

“ಮುಂದಿನ ಭಾನುವಾರ ಕ್ಲಾಸಿಗೆ ಬರ್ತಿದ್ದೆ,” ಎಂದಳು ಮಾಧುರಿ. “ಅಷ್ಟೇ.”

ಪಕ್ಕದಲ್ಲಿ ನಿಂತಿದ್ದ ಶಿವಶರಣನ ಮುಷ್ಟಿಯಲ್ಲಿ ವಿಭೂತಿ ಬೆವರಿಗೆ ಅಂಟತೊಡಗಿತ್ತು. ಹರ್ಷಿತಾ ಕೊನೆಯ ಸಾಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವನು ಕುರ್ಚಿಗಳ ನಡುವೆ ನಡೆದುಹೋಗಿ ಅವಳ ಮುಂದೆ ಮಂಡಿಯೂರಿದ. ನೆಂಟರು ಫೋನಿನಿಂದ ತಲೆ ಎತ್ತಿದರು.

“ನನ್ನ ಕಿಸೆದಾಗss ಇತ್ತು,” ಎಂದ, ಎಲ್ಲರಿಗೂ ಕೇಳುವಂತೆ. “ನಾ ನಿನಗ ಕೊಟ್ಟss ಇರಲಿಲ್ಲ. ತಪ್ಪಾತು, ಹರ್ಷಿ.”

ಹರ್ಷಿತಾ ಅವನ ಮುಷ್ಟಿ ಬಿಡಿಸಿದಳು. ಆಮೇಲೆ ವಿಭೂತಿ ತೆಗೆದುಕೊಂಡು ಹೋಗಿ, ನೀರಿನಲ್ಲಿ ತೇಯ್ದು, ತುದಿಗಾಲಲ್ಲಿ ನಿಂತು ಅಜ್ಜನ ಹಣೆಗೆ ಹಚ್ಚಿದಳು. ಮೂರು ಬೆರಳಲ್ಲಿ ಇನ್ನೂ ಬಿಳುಪು ಉಳಿದಿತ್ತು. ಅಪ್ಪನ ಕಡೆ ತಿರುಗಿದಳು.

“ಬಗ್ಗು, ಅಪ್ಪಾ.”

ಶಿವಶರಣ ಬಗ್ಗಿದ. ಗೆರೆ ಸೊಟ್ಟಗಾಗದಿರಲೆಂದು ಅವಳು ಒಂದು ಕೈಯಿಂದ ಅವನ ಗದ್ದ ಹಿಡಿದುಕೊಂಡು, ಇನ್ನೊಂದರಿಂದ ನಿಧಾನವಾಗಿ ಎಳೆದಳು.