ಸೆರಗಿನ ಗಂಟಿನ ಅಕ್ಕಿ

ಗಂಟು ಸುಲಭಕ್ಕೆ ಬಿಚ್ಚಲಾಗಲಿಲ್ಲ. ಅಂಗಳದಲ್ಲಿ ಸೀರೆಗಳ ಮರೆ ಕಟ್ಟಿ ರಂಗಮ್ಮಾಳ ಹೆಣಕ್ಕೆ ನೀರು ಹಾಕುತ್ತಿದ್ದರು. ಪಕ್ಕದ ಮನೆಯ ಕಾಮಾಕ್ಷಿಯಮ್ಮಾಳ್ ಸೆರಗಿನ ತುದಿಯ ಗಂಟನ್ನು ಉಗುರಿನಿಂದ ಕೆದಕಿ ಕೆದಕಿ ಕೊನೆಗೂ ಬಿಡಿಸಿದಳು. ಎಲೆಅಡಿಕೆ ಇರಬಹುದು ಅಂದುಕೊಂಡಿದ್ದರು. ಇದ್ದದ್ದು ಒಂದು ಹಿಡಿ ಹಸಿ ಅಕ್ಕಿ.

"ಇದೇನ್ ತಾಯಿ, ಅಕ್ಕಿ?"

"ಕೋಳಿಗೆ ಅಂತ ಇಟ್ಕಂಡಿರ್ತಾರೆ ದೊಡ್ಡಮ್ಮ. ಅತ್ತೆ ಯಾವಾಗ್ಲೂ ಹಂಗೇ ಹೇಳೋರು," ಎಂದಳು ಸೊಸೆ ಯುವಶ್ರೀ.

ಹೇಳಿದವಳ ಕೈಯ ಚೊಂಬು ಅಲ್ಲೇ ನಿಂತಿತು. ಕೋಳಿ ಎಲ್ಲಿದೆ ಈ ಮನೆಯಲ್ಲಿ? ಕೊನೆಯದನ್ನು ತನ್ನ ಬಾಣಂತನದ ಸಾರಿಗೆಂದು ಅತ್ತೆಯೇ ಕೊಯ್ದು ತಿಂಗಳುಗಳಾಗಿದ್ದವು.

*

ರಂಗಮ್ಮಾಳ್ ಎದುರಿಗೆ ಸಿಕ್ಕ ಹೆಣ್ಣುಮಕ್ಕಳನ್ನು ಚೆನ್ನಾಗಿದ್ದೀಯಾ ಅಂತ ಕೇಳಿದವಳೇ ಅಲ್ಲ. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ಕೆಂಪಿದೆಯೋ ಇಲ್ಲವೋ ನೋಡುವುದು, ಅಷ್ಟೇ. ಕಂಬಂ ಬಸ್ಸಿನಲ್ಲಿ ಪಕ್ಕ ಕೂತವಳನ್ನೂ ಬಿಡುತ್ತಿರಲಿಲ್ಲ. ಮಗ ಕಾರ್ತಿಗೆ ಹೆಣ್ಣು ನೋಡಲು ಬೋಡಿಗೆ ಹೋದಾಗ ಜಡೆ ನೋಡಲಿಲ್ಲ, ಬಣ್ಣ ನೋಡಲಿಲ್ಲ, ರೆಪ್ಪೆ ಎಳೆದಳು. ಯುವಶ್ರೀಗೆ ಆಗ ಮೈಯೆಲ್ಲ ಉರಿದುಹೋಗಿತ್ತು.

ಬಸುರಿಯಾದಾಗ ಅವಳು ಅಕ್ಕಿ ಡಬ್ಬದ ಹತ್ತಿರ ಸಿಕ್ಕಿಬಿದ್ದಳು.

"ಬಾಯ್ ತೆಗಿ. ಉಗುಳು," ಎಂದಳು ರಂಗಮ್ಮಾಳ್. "ನಾಲಿಗೆ ಹಸಿ ಅಕ್ಕಿ ಕೇಳಿದ್ರೆ ಮೈಯಲ್ಲಿ ರತ್ತ ಇಲ್ಲ ಅಂತ ಅರ್ಥ, ಕಂದ. ಮುರುಂಗೆ ಸೊಪ್ಪು ತಿನ್ನು. ನರ್ಸಮ್ಮ ಕೊಟ್ಟ ಮಾತ್ರೆ ನುಂಗು. ಟೀ ಕುಡ್ದು ನುಂಗಬ್ಯಾಡ."

ಅಂದಿನಿಂದ ಹೆರಿಗೆಯವರೆಗೆ ನುಗ್ಗೆಸೊಪ್ಪು, ರಾಗಿ ಕಳಿ, ರಕ್ತ ಊರಲೆಂದು ಆಡಿನ ಲಿವರ್. ಎದುರಿಗೆ ಕೂತು ತಿನ್ನಿಸುತ್ತಿದ್ದಳು. ಪಾತ್ರೆಯಲ್ಲಿ ಉಳಿದರೆ ತಾನು, ಉಳಿಯದಿದ್ದರೆ ಗಂಜಿ ನೀರು.

"ನೀವು ಅತ್ತೆ?" ಅಂದರೆ, "ನನ್ಗೇನು, ಕಲ್ಲು ಮಾದಿರಿ ಇದೀನಿ" ಎಂಬ ಉತ್ತರ.

ಆ ಕಲ್ಲು ನಿನ್ನೆ ಮಧ್ಯಾಹ್ನ ದ್ರಾಕ್ಷಿ ತೋಟದಲ್ಲಿ ಗೊನೆ ಕತ್ತರಿಸುತ್ತಾ ನಿಂತಲ್ಲೇ ಉರುಳಿತು. ಎದೆ ನಿಂತುಹೋಗಿದೆ ಎಂದರು ಡಾಕ್ಟರು. ಒಂದು ದಿನ ಜ್ವರ ಅಂತ ಮಲಗಿದವಳಲ್ಲ. ಊರಿಗೆ ಊರೇ ನಂಬಲಿಲ್ಲ.

*

ಕಾಮಾಕ್ಷಿಯಮ್ಮಾಳ್ ಅಕ್ಕಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ರತ್ತ ಹೋಗ್ತಾನೇ ಇತ್ತು ತಾಯಿ, ಎರಡು ವರುಷ. ಮುಟ್ಟು ನಿಲ್ಲೋ ವಯಸ್ಸು, ತಾನಾಗೇ ನಿಲ್ಲುತ್ತೆ, ಯಾರ್ಗೂ ಹೇಳ್ಬ್ಯಾಡ ಅಂದ್ಲು."

"ಒಂದು ಮಾತು ನನ್ಗೆ ಹೇಳ್ಬಾರ್ದಿತ್ತಾ ದೊಡ್ಡಮ್ಮ?"

"ಊರ್ಗೆಲ್ಲ ಹೇಳೋಳು ಅವಳು. ಅವಳ್ಗೆ ಯಾರು ಹೇಳೋದು ಅಂತ ಸುಮ್ಕಿದ್ದೆ."

ಯುವಶ್ರೀ ಬಗ್ಗಿ ಅತ್ತೆಯ ರೆಪ್ಪೆಯ ಕೆಳಗೆ ಹೆಬ್ಬೆರಳಿಟ್ಟಳು. ಈ ಮನೆಗೆ ಬಂದು ಮೂರು ವರ್ಷ, ಒಂದು ಸಲವೂ ಆ ಕಣ್ಣನ್ನು ನೋಡಿರಲಿಲ್ಲ. ಎಳೆಯದೆ ಕೈ ತೆಗೆದಳು. ಸತ್ತವರ ಕಣ್ಣು ಹೇಗೂ ಬಿಳಿಯೇ, ಈಗ ನೋಡಿ ಏನು ಬಂತು?

ಹೆಣವನ್ನು ಚಟ್ಟದ ಮೇಲೆ ಮಲಗಿಸಿದರು. ಬಾಯಿಗೆ ಅಕ್ಕಿ ಹಾಕುವ ಹೊತ್ತು. ಒಬ್ಬೊಬ್ಬರಾಗಿ ತಟ್ಟೆಯಿಂದ ಹಿಡಿ ತೆಗೆದು, ಸುತ್ತು ಬಂದು, ತುಟಿಯ ಮೇಲೆ ಹಾಕಿ ಹೋದರು. ಕಾರ್ತಿ ಹಾಕಿದ. ರಂಗಮ್ಮಾಳ ಮಗಳು, ಪ್ಲಸ್‌ಟೂ ಓದುವ ನಿವೇತಾ ಹಾಕಿದಳು. ಅವಳ ಮುಷ್ಟಿ ಪೂರ್ತಿ ತೆರೆಯಲಿಲ್ಲ.

ಹುಡುಗಿ ಗೋಡೆಗೆ ಒರಗಿ ತಲೆ ತಗ್ಗಿಸಿದಳು. ಮುಷ್ಟಿ ಬಾಯಿಯವರೆಗೆ ಹೋಗಿ ಬಂತು. ದವಡೆ ಮೆಲ್ಲಗೆ ಆಡತೊಡಗಿತು. ಬಿಕ್ಕುತ್ತಿದ್ದಾಳೆಂದು ಹೆಂಗಸರು ಬೆನ್ನು ಸವರಿದರು. ಪಕ್ಕದಲ್ಲಿದ್ದ ಯುವಶ್ರೀಗೆ ಹಲ್ಲಿನ ನಡುವೆ ಅಕ್ಕಿ ಕಟಕಟ ಒಡೆಯುವ ಸದ್ದು ಕೇಳಿಸಿತು.

ಯುವಶ್ರೀ ತನ್ನ ಹಿಡಿಯ ಅಕ್ಕಿಯನ್ನು ಅಲ್ಲೇ ಕೆಳಗೆ ಬಿಟ್ಟಳು.

"ನಿವೇತಾ, ಮೇಲೆ ನೋಡು."

ಎಲ್ಲರೆದುರಿಗೆ ನಾದಿನಿಯ ಗಲ್ಲ ಎತ್ತಿ, ಹೆಬ್ಬೆರಳಿನಿಂದ ರೆಪ್ಪೆಯನ್ನು ಕೆಳಗೆಳೆದಳು. ರಾತ್ರಿಯಿಡೀ ಅತ್ತ ಕಣ್ಣು. ನೀರು ಬೆರಳ ಮೇಲೆ ಹರಿಯಿತು. ಒಳಗೆ ಒಂದು ಚೂರೂ ಕೆಂಪಿರಲಿಲ್ಲ.