ಅಮ್ಮನ ಸೀಟು

ಸ್ವಲ್ಪ ನಿಲ್ಲಿ, ಇದೊಂದನ್ನು ಕೇಳಿಬಿಟ್ಟು ಹೋಗಿ.

“ಏಯ್ ಮುದುಕಿ, ಕಣ್ಣು ಮನೇಲಿ ಬಿಚ್ಚಿಟ್ಟು ಬಂದಿದೀಯಾ? ಕಾಲರ್ ನೋಡು, ನಾಯಿ ನಾಲಿಗೆ ಥರ ಜೋತಾಡ್ತಿದೆ!”

ಸೂಪರ್‌ವೈಸರ್ ಎಸೆದ ಶರ್ಟು ಅಮ್ಮನ ಮುಖಕ್ಕೆ ಬಡಿದು ಮಡಿಲಿಗೆ ಬಿತ್ತು. ಪಕ್ಕದ ಸ್ಟೂಲಿನಲ್ಲಿದ್ದ ಮಗಳು ಹಲ್ಲು ಕಚ್ಚಿ ಬೇರೆ ಕಡೆ ನೋಡಿದಳು. ಹೈಸ್ಕೂಲಿನವರು ಕೆಲಸ ಕಲಿಯಲೆಂದು ಅವಳನ್ನು ಈ ಬಟ್ಟೆ ಫ್ಯಾಕ್ಟರಿಗೆ ಕಳಿಸಿದ್ದರು. ಸಂಬಳವಿಲ್ಲ, ಮಾರ್ಕ್ಸ್ ಮಾತ್ರ. ಸೂಪರ್‌ವೈಸರ್ ಒಪ್ಪದಿದ್ದರೆ ಅದೂ ಇಲ್ಲ, ಫೇಲು.

ಒಂದೇ ಮನೆಯವರು ಒಂದೇ ಸಾಲಿನಲ್ಲಿ ಕೂರುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿಹಾಕುತ್ತಾರಂತೆ! ಸಿಕ್ಕಿಬಿದ್ದರೆ ಇಬ್ಬರೂ ಹೊರಗೆ. ಸೂಪರ್‌ವೈಸರ್ ಗೊತ್ತಿಲ್ಲದೆ ಮಗಳನ್ನು ಅಮ್ಮನ ಪಕ್ಕದಲ್ಲೇ ತಂದು ಕೂರಿಸಿದಾಗ, ಇವಳು ನನ್ನ ಮಗಳು ಎಂದು ಅಮ್ಮ ಹೇಳಿಬಿಡಬಹುದಿತ್ತು. ಹೇಳಲಿಲ್ಲ. “ಕಂಡೋರ ಕೈಲಿ ಉಗಿಸ್ಕೊಂಡು ಯಾಕೆ ಕಲೀಬೇಕು, ನನ್ನ ಹತ್ರಾನೇ ಕಲಿ” ಎಂಬ ಆಸೆ. ಅಂದಿನಿಂದ ಗೇಟು ದಾಟಿ ಒಳಗೆ ಬಂದರೆ ಅಮ್ಮ ‘ಆಂಟಿ’.

“ಏ ಸ್ಕೂಲ್ ಹುಡುಗಿ, ನೀನೊಂದು ಹೊಲಿ ನೋಡೋಣ.”

ಚೆನ್ನಾಗಿ ಹೊಲಿದರೆ ಕಲಿಸಿದವಳಿಗೆ ಹೆಸರು ಬಂದೀತು ಎಂದುಕೊಂಡಳು ಮಗಳು, ಪಾಪ. ಮೇಲಿನ ಬಟ್ಟೆ ಎಳೆಯದೆ, ಕೆಳಗಿನದಕ್ಕೆ ಒಂಚೂರು ಸಡಿಲ ಬಿಟ್ಟು, ಅಮ್ಮ ಹೇಳಿಕೊಟ್ಟ ಹಾಗೇ ಹೊಲಿದಳು. ಕಾಲರ್ ಎದ್ದು ಕೂತಿತು.

ಅವನು ಅದನ್ನು ಬಾವುಟದಂತೆ ಎತ್ತಿ ಹಿಡಿದ. “ನೋಡ್ರೇ! ಮೊನ್ನೆ ಬಂದ ಪಿಳ್ಳೆ ಇದು!” ಆಮೇಲೆ ಅಮ್ಮನ ಕಡೆ ತಿರುಗಿ, “ಏಳೇ ಮೇಲೆ. ಬಿಟ್ಟಿ ಬಂದೋಳೇ ಇಷ್ಟು ಚೆನ್ನಾಗಿ ಹೊಲೀತಾಳೆ, ನಿಂಗ್ಯಾಕೆ ದಂಡದ ಸಂಬಳ?”

“ಸಾರ್, ಮಗಳಿನ್ನೂ ಓದ್ತಿದಾಳೆ ಸಾರ್...”

“ಇಂಥ ಮಗಳೊಬ್ಳಿದ್ದಿದ್ರೆ ನಿನ್ನ ಹಣೆಬರ ಯಾಕೆ ಹೀಗಿರ್ತಿತ್ತು! ನಡಿ, ನಡಿ.”

ಸಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಇವರು ತಾಯಿ ಮಗಳೆಂದು ಅವರಿಗೆಲ್ಲ ಗೊತ್ತಿತ್ತು. ಗುಂಡಿ ಹಚ್ಚುವ ದಪ್ಪಕ್ಕ ಮಾತ್ರ, “ಇವನ ಬಾಯಿಗೆ ಮಣ್ಣು ಹಾಕ, ಮುಂಡೇಮಗ” ಎಂದು ಮೆಷಿನ್ನಿಗೆ ಹೇಳಿಕೊಂಡಳು.

ಮಗಳು ಎದ್ದೇಬಿಟ್ಟಳು. “ಸಾರ್, ಅವರು ನನ್—”

ಅಮ್ಮನ ಉಗುರು ಅವಳ ಮಣಿಕಟ್ಟಿಗೆ ನಾಟಿತು. “ಕೂತ್ಕೊಳಮ್ಮ. ನಿಂಗೆ ಪರೀಕ್ಷೆ ಇದೆ. ಸೂಜಿ ಹತ್ರ ಬೆರಳಿಡಬೇಡ, ಜೋಪಾನ.” ಯಾರದೋ ಮಗುವಿಗೆ ಹೇಳಿದಂತೆ ಹೇಳಿದಳು. ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ಕುರ್ಚಿ ಮೇಲಿನ ಮೆತ್ತೆ ಅಲ್ಲೇ ಉಳಿಯಿತು. ಮಗಳ ಹಳೇ ಯೂನಿಫಾರ್ಮ್ ಲಂಗ ಮಡಚಿ ಹೊಲಿದ ಮೆತ್ತೆ. ಮಗಳು ಅದರ ಮೇಲೆ ಕೂತಳು. ಇನ್ನೂ ಬೆಚ್ಚಗಿತ್ತು.

ಅಷ್ಟರಲ್ಲಿ ಸ್ಕೂಲಿನ ಮೇಷ್ಟ್ರು ಮೊಬೈಲ್ ಹಿಡಿದು ಬಂದರು. “ಆಹಾ, ಆಗಲೇ ಮೆಷಿನ್ನೇ ಕೊಟ್ಬಿಟ್ರಾ! ಎಂಥ ಅವಕಾಶ ಪುಟ್ಟಾ! ಎಲ್ಲಿ, ಸ್ವಲ್ಪ ನಗು.”

ಕಿಟಕಿಯಾಚೆ ಗೇಟಿನಲ್ಲಿ ವಾಚ್‌ಮನ್ ಅಮ್ಮನ ಡಬ್ಬಿಯ ಮುಚ್ಚಳ ತೆಗೆದು, ಕದ್ದ ಬಟ್ಟೆ ಇದೆಯೇ ಎಂದು ಬಗ್ಗಿ ನೋಡುತ್ತಿದ್ದ. ಅಮ್ಮ ಕೈ ಮೇಲೆತ್ತಿ ನಿಂತಿದ್ದಳು.

“ಹೊಲಿಗೆ ಹೊಡಿಯೇ, ಇನ್ಯಾವ ಮುಹೂರ್ತಕ್ಕೆ ಕಾಯ್ತಿದೀಯಾ?” ಸೂಪರ್‌ವೈಸರ್ ಶರ್ಟಿನ ಹೊಸ ಕಟ್ಟನ್ನು ದೊಪ್ಪೆಂದು ಅವಳ ಮುಂದೆ ಹಾಕಿದ.

ಪೆಡಲ್ ಮೇಲೆ ಅವಳ ಕಾಲಿತ್ತು. ತುಳಿದರೆ ಅಮ್ಮನ ಕೆಲಸ ತಾನೇ ಕಿತ್ತುಕೊಂಡಂತೆ. ತುಳಿಯದಿದ್ದರೆ ತಾನು ಫೇಲು, ಅಮ್ಮ ಬಾಯಿ ಮುಚ್ಚಿಕೊಂಡು ಹೊರನಡೆದದ್ದೂ ದಂಡ.

ಹೇಳಿ, ಆ ಸೀಟಿನಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?