ಸುಹರಾಳ ಪಾಸ್‌ಪೋರ್ಟ್

ಓದಿದ್ದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳದಿದ್ದರೆ ಪ್ರಣೀತಾಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊಲ್ಲಿ ದೇಶದ ವಾದಿ ಕಬೀರ್ ಬಡಾವಣೆಯ ಆ ಫ್ಲಾಟಿನಲ್ಲಿ ಹಗಲುಹೊತ್ತು ಕೇಳಲು ಸಿಗುತ್ತಿದ್ದವಳು ಅಡುಗೆಯ ಸುಹರಾ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಉಪ್ಪಿನಂಗಡಿಯಿಂದ ಬಂದವಳು ಮೂರು ವರ್ಷದಲ್ಲಿ ಒಮ್ಮೆಯೂ ಊರಿಗೆ ಹೋಗಿರಲಿಲ್ಲ.

ಆವತ್ತು ಇತಿಹಾಸದ ಪಾಠ. ಸುಹರಾ ಬಂಗುಡೆ ಮೀನು ಶುಚಿ ಮಾಡುತ್ತಿದ್ದಳು.

“ರೋಮಿನ ಗುಲಾಮರು ಎಲ್ಲರೂ ಗಣಿಯಲ್ಲಿ ದುಡಿಯುವವರಲ್ಲ, ಸುಹರಕ್ಕ. ಮನೆಯಲ್ಲಿ ಅಡುಗೆ ಮಾಡುವವರು, ಮಕ್ಕಳಿಗೆ ಪಾಠ ಹೇಳುವವರೂ ಇದ್ರು.”

“ಊಟ, ಬಟ್ಟೆ ಸರಿ ಕೊಡ್ತಿದ್ರಾ?”

“ಕೆಲವು ಮನೆಯಲ್ಲಿ ಒಳ್ಳೇದೇ ಕೊಡ್ತಿದ್ರಂತೆ.”

“ಊರು ನೆನಪಾದ್ರೆ ಹೋಗ್ಲಿಕ್ಕೆ ಆಗ್ತಿತ್ತಾ?”

“ಯಜಮಾನ ಬಿಟ್ರೆ ಮಾತ್ರ. ಅದಕ್ಕೇ ಅಲ್ವಾ ಗುಲಾಮರು ಅಂತ ಹೇಳುವುದು.”

ಸುಹರಾಳ ಕೈ ನಿಂತಿತು. ತಾನು ಗುಲಾಮಳಲ್ಲ, ಅದು ಅವಳಿಗೆ ಗೊತ್ತು. ಸಂಬಳ ತಪ್ಪಿರಲಿಲ್ಲ, ಯಾರೂ ಗದರಿರಲಿಲ್ಲ. ಆದರೆ ಊರಿನಲ್ಲಿ ಮಗಳು ಶಾಹಿದಾಳಿಗೆ ಎಂಟು ತಿಂಗಳು ತುಂಬಿತ್ತು. ರಜೆ ಕೇಳಿದಾಗ ಪ್ರಣೀತಾಳ ಅಪ್ಪ ವಿಶಾಲ್ ಒಮ್ಮೆ “ಆಡಿಟ್ ಮುಗಿಯಲಿ” ಎಂದಿದ್ದ, ಇನ್ನೊಮ್ಮೆ “ರಂಜಾನ್ ಕಳೆಯಲಿ” ಎಂದಿದ್ದ. ಬಂದ ದಿನ “ಜೋಪಾನವಾಗಿ ಇರ್ತದೆ” ಎಂದು ಅವನು ಕಪಾಟಿನಲ್ಲಿಟ್ಟ ಪಾಸ್‌ಪೋರ್ಟನ್ನು ಅವಳು ಮತ್ತೆ ಕಂಡಿರಲಿಲ್ಲ.

ಸುಹರಾ ಅದನ್ನೆಲ್ಲ ಹೇಳಿದಾಗ ಪ್ರಣೀತಾ ಪುಸ್ತಕ ಮುಚ್ಚಿದಳು. “ಹಾಗೆ ಇಟ್ಟುಕೊಳ್ಳುವುದು ತಪ್ಪು. ನಾನು ಅಪ್ಪನ ಹತ್ರ ಹೇಳ್ತೇನೆ.”

“ಬೇಡ ಮಗಾ. ಕೇಳುವುದಾದ್ರೆ ನಾನೇ ಕೇಳ್ಬೇಕು.”

ಸಂಜೆ ವಿಶಾಲನ ಮುಂದೆ ಚಹಾ ಇಟ್ಟವಳು ಅಲ್ಲೇ ನಿಂತಳು.

“ವಿಶಾಲಣ್ಣ, ನನ್ನ ಪಾಸ್‌ಪೋರ್ಟ್ ಕೊಡಿ. ಮಗಳ ಹೆರಿಗೆಗೆ ಹೋಗ್ತೇನೆ.”

“ನಮ್ಮ ಮೇಲೆ ನಂಬಿಕೆ ಇಲ್ವಾ ಸುಹರಕ್ಕ? ಮನೆಯವರ ಹಾಗೆ ನೋಡಿಕೊಂಡಿದ್ದೇವಲ್ಲ.”

“ನೋಡಿಕೊಂಡಿದ್ದೀರಿ, ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ಭವ್ಯಕ್ಕನ ಪಾಸ್‌ಪೋರ್ಟ್ ಭವ್ಯಕ್ಕನ ಬ್ಯಾಗಲ್ಲಿ ಉಂಟು. ನಾನೂ ಮನೆಯವಳೇ ಆದ್ರೆ ನನ್ನದು ನನ್ನ ಹತ್ರ ಯಾಕಿಲ್ಲ?”

ವಿಶಾಲ್ ಹೆಂಡತಿ ಭವ್ಯಶ್ರೀಯ ಮುಖ ನೋಡಿದ.

“ಕೊಟ್ಟುಬಿಡಿ,” ಎಂದಳು ಅವಳು. “ಮೊದಲೇ ಕೊಡಬೇಕಿತ್ತು.”

ಅವನು ಒಳಗೆ ಹೋಗಿ ತಂದುಕೊಟ್ಟ. “ನಾನು ಅಷ್ಟು ಯೋಚನೆ ಮಾಡ್ಲಿಲ್ಲ ಸುಹರಕ್ಕ,” ಎಂದಾಗ ಅವನ ತಲೆ ತಗ್ಗಿತ್ತು.

ಮರುದಿನ ಸುಹರಾ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿ ವಿಮಾನದ ಟಿಕೆಟ್ ಮಾಡಿಸಲು ರೂವಿ ಪೇಟೆಗೆ ಹೋದಳು. ವಾಪಸು ಯಾವ ತಾರೀಕಿಗೆ ಎಂದು ಟಿಕೆಟಿನವನು ಕೇಳಿದ. “ಸದ್ಯ ಹೋಗುವುದು ಮಾತ್ರ,” ಎಂದಳು.

ಶಾಹಿದಾ ಹೆಣ್ಣು ಹೆತ್ತಳು. ಬಾಣಂತನದ ನಲವತ್ತು ದಿನ ಕಳೆದ ಮೇಲೆ ಭವ್ಯಶ್ರೀಯ ಫೋನ್ ಬಂತು. “ಬರ್ತೀರಾ ಸುಹರಕ್ಕ?” ಎಂದಳು ಅವಳು, ಯಾವಾಗ ಎನ್ನಲಿಲ್ಲ.

ಸುಹರಾ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಯೋಚಿಸಿದಳು. “ಬರ್ತೇನೆ. ಶುಕ್ರವಾರ ನನಗೆ ರಜೆ ಬೇಕು. ವರ್ಷಕ್ಕೊಮ್ಮೆ ಊರಿಗೆ ಬರ್ತೇನೆ.”

ಆ ಕಡೆ ಗುಸುಗುಸು ಮಾತು ಕೇಳಿಸಿತು. ಆಮೇಲೆ ವಿಶಾಲನೇ ಫೋನ್ ತೆಗೆದುಕೊಂಡ. “ಆಯ್ತು ಸುಹರಕ್ಕ. ತಾರೀಕು ನೀವೇ ಹೇಳಿ.”

“ಇನ್ನೂ ಒಂದು ತಿಂಗಳು ಹೋಗಲಿ,” ಎಂದಳು ಸುಹರಾ. ಮಗು ಆಗಷ್ಟೇ ನಗಲು ಕಲಿಯುತ್ತಿತ್ತು.